ಮಫ್ತಿಯಲ್ಲಿ ಬಂದ ಓದುಗರು

ಹಿಂದಿನ ಕಾದಂಬರಿಯ ಬಿಡುಗಡೆಯಲ್ಲಿ ಕಲ್ಲು ತೂರಾಟವಾದ ಮೇಲೆ ಹನ್ನೆರಡು ವರ್ಷ ಏನನ್ನೂ ಪ್ರಕಟಿಸದಿದ್ದ ಸಾಹಿತಿ ನಿಜಗುಣಯ್ಯನವರು ಪೊಲೀಸ್ ಠಾಣೆಗೆ ಬಂದರು. "ನಾಳೆ ನನ್ನ ಹೊಸ ಪುಸ್ತಕದ ಬಿಡುಗಡೆ. ಇಪ್ಪತ್ತು ಪೊಲೀಸರು ಬೇಕು. ಇಲ್ಲದಿದ್ದರೆ ಮಂತ್ರಿಗಳಿಗೇ ಹೇಳ್ತೀನಿ" ಎಂದು ಗದರಿದರು.

ಚುನಾವಣೆ ಕೆಲಸದಲ್ಲಿ ಪೇದೆಗಳೆಲ್ಲ ವಾರದಿಂದ ನಿದ್ದೆಗೆಟ್ಟಿದ್ದರು. ಹೆಡ್ ಕಾನ್‌ಸ್ಟೆಬಲ್ ಮಾರೆಪ್ಪ ಆಕಳಿಸುತ್ತ, "ಆಗಲಿ ಸಾರ್. ಮಫ್ತಿಯಲ್ಲಿ ಬಂದು ಓದುಗರ ಹಾಗೇ ಕೂತಿರ್ತಾರೆ. ನೀವು ಗುರುತು ಹಿಡಿಯೋಕೆ ಹೋಗಬೇಡಿ" ಎಂದ.

ಮರುದಿನ ಕಾರ್ಯಕ್ರಮ ಸುಸೂತ್ರವಾಗಿ ಮುಗಿಯಿತು. ಬಾಗಿಲಲ್ಲಿ ಒಬ್ಬನೇ ನಿಂತಿದ್ದ ಮಾರೆಪ್ಪನಿಗೆ ನಿಜಗುಣಯ್ಯನವರು, "ನಿಮ್ಮವರ ನಟನೆ ಭೇಷ್! ಪುಸ್ತಕಕ್ಕೆ ನನ್ನ ಸಹಿನೂ ಹಾಕಿಸಿಕೊಂಡರು!" ಎಂದರು.

"ನಮ್ಮವರು ಮನೇಲಿ ಮಲಗಿದ್ದಾರೆ ಸಾರ್. ಬಂದವರೆಲ್ಲ ನಿಮ್ಮ ಓದುಗರೇ."

ನಿಜಗುಣಯ್ಯನವರು ಖಾಲಿಯಾಗಿದ್ದ ಕುರ್ಚಿಗಳ ಕಡೆ ತಿರುಗಿ ನೋಡಿದರು. ಮೆಲ್ಲಗೆ ಕೇಳಿದರು: "ಇಷ್ಟು ವರ್ಷ ಯಾಕೆ ಬರೀಲಿಲ್ಲ ಅಂತ ಒಬ್ಬ ಅಜ್ಜಿ ಬೈದರು. ಅದೂ ನಿಜಾನಾ?"