ಚೆನ್ನಾಜಿ ಗುಲಾಬಿ

ಒಂದಾನೊಂದು ಕಾಲದಲ್ಲಿ, ಗಡಿಯಾರ ಅನ್ನೋದು ಇನ್ನೂ ಹುಟ್ಟಿರಲಿಲ್ಲ, ಜನ ಮೊಗ್ಗು ಬಿರಿಯೋದು ನೋಡ್ಕೊಂಡೇ ಹೊತ್ತು ಹೇಳ್ತಿದ್ರು, ಅಂಥಾ ಕಾಲದಲ್ಲಿ ಕೋಟೆ ಹಿಂದಿನ ಬೀದೀಲಿ ಮೂಡ್ಲಯ್ಯ ಅಂತ ಒಬ್ಬ ಹೂವಾಡಿಗ ಇದ್ನಂತೆ. ಕಾಲು ಒಳಗೆ ಹಾಕ್ಕೊಂಡು ಸರಿಯಾಗಿ ಹೊದ್ಕೋ ಮಗಾ, ಆಮೇಲೆ ಮುಂದಿಂದು. ಹ್ಞಾಂ. ಅವನ ಹೆಂಡ್ತಿ ಚೆನ್ನಾಜಿ. ಅವನು ಹೂ ಬೆಳೆಯೋದು, ಅವಳು ಕಟ್ಟೋದು, ಹಿಂಗೇ ನಲವತ್ತು ವರ್ಷ ನಡೀತಂತೆ. ಅವರ ತೋಟದಲ್ಲಿ ಪನ್ನೀರು ಗುಲಾಬಿ ಇತ್ತು, ಘಮ ಅಂದ್ರೆ ಘಮ, ಬಣ್ಣ ಮಾತ್ರ ಮಾಸಲು. ಕೆಂಪು ಗುಲಾಬಿನೂ ಇತ್ತು, ನೋಡೋಕೆ ಕಣ್ಣು ಸಾಲದು, ಮೂಸಿದ್ರೆ ಏನೂ ಇಲ್ಲ. ಚೆನ್ನಾಜಿ ಎರಡನ್ನೂ ಸೇರಿಸಿ ಮಾಲೆ ಕಟ್ತಾ, ಇವೆರಡೂ ಒಂದೇ ಹೂವಾಗಿದ್ರೆ ನನಗೆ ಅರ್ಧ ಕೆಲಸ ತಪ್ತಿತ್ತಲ್ಲಾ ಅಂತ ನಗೋಳಂತೆ.

ಆಮೇಲೆ ಒಂದು ಚಳಿಗಾಲ ಚೆನ್ನಾಜಿಗೆ ಮೂರು ದಿನ ಜ್ವರ ಬಂತು, ನಾಲ್ಕನೇ ದಿನ ಅವಳಿರಲಿಲ್ಲ. ಮೂಡ್ಲಯ್ಯ ತಿಂಗಳೊಪ್ಪತ್ತು ತೋಟದ ಕಡೆ ತಲೆನೇ ಹಾಕಲಿಲ್ಲವಂತೆ. ಆಮೇಲೆ ಒಂದಿನ ಎದ್ದವನೇ ಸೊಸೆ ಕದುರಮ್ಮನ್ನ ಕರೆದು, ನಿಮ್ಮತ್ತೆ ಕೇಳಿದ ಹೂವನ್ನ ಹುಟ್ಟಿಸ್ತೀನಿ ಕಣವ್ವ, ಅವಳ ನೆನಪಿಗೆ ಅದೊಂದು ನಮ್ಮನೇಲಿರ್ಲಿ ಅಂದ್ನಂತೆ. ಹುಟ್ಟಿಸೋದು ಅಂದ್ರೆ ಕಡ್ಡಿ ನೆಟ್ಟರಾಗಲ್ಲ ಮಗಾ, ಕಡ್ಡಿ ನೆಟ್ಟರೆ ಹಳೇ ಗಿಡವೇ ಮತ್ತೆ ಬರೋದು. ಬೀಜ ಬೇಕು. ಕುಂಬಳದ ಗಂಡು ಹೂವನ್ನ ಹೆಣ್ಣು ಹೂವಿಗೆ ಮುಟ್ಟಿಸ್ತಾರಲ್ಲ, ಹಂಗೇ ಅವನು ಪನ್ನೀರಿನ ಧೂಳನ್ನ ಕೆಂಪು ಹೂವಿನ ನಡುವಿಗೆ ಬೆರಳಲ್ಲೇ ಸವರಿದ್ನಂತೆ.

ಆದ್ರೆ ಹೂವಾಡಿಗರ ಮನೇಲಿ ಹೂವು ಗಿಡದ ಮೇಲೆ ಉಳಿದಿದ್ದು ಯಾವಾಗ ಹೇಳು? ನಲವತ್ತು ವರ್ಷ ಬೆಳಕು ಹರಿಯೋ ಮುಂಚೆ ಕಿತ್ತ ಕೈ ಅದು. ಮಾರನೇ ದಿನ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಪಟ ಪಟ ಕಿತ್ತುಕೊಂಡು ಹೋಗಿ ಬುಟ್ಟಿ ನೋಡ್ತಾನೆ, ಅದೇ ಹೂವು ಮೇಲೆ ಕೂತಿದೆ! ತನ್ನ ಕೈಗೆ ತಾನೇ ಬೈದುಕೊಂಡ್ನಂತೆ. ಎರಡನೇ ವರ್ಷ ಗುರುತಿಗೆ ಅಂತ ಹೂವಿಗೆ ಅರಿಶಿನದ ದಾರ ಕಟ್ಟಿದ. ಕದುರಮ್ಮನ ಕೈ ಏನು ಕಮ್ಮಿನಾ, ದಾರದ ಸಮೇತ ಕಿತ್ತು ಕಟ್ಟಿಬಿಟ್ಟಳು, ಆ ಹೂವು ಹೋಗಿ ದೇವರ ಕೊರಳಲ್ಲಿ ಕೂತಿತು. ದೇವರನ್ನ ವಾಪಸ್ಸು ಕೊಡು ಅನ್ನೋಕಾಗುತ್ತಾ? ಮೂರನೇ ವರ್ಷ ಸಂದಿಬಿಟ್ಟು ಹೆಣೆದ ಬಿದಿರು ಬುಟ್ಟಿ ತಂದು ಧೂಳು ಸವರಿದ ಹೂವಿನ ಕೊಂಬೆ ಮೇಲೆ ಬೋರಲು ಹಾಕಿ, ಅಲುಗದಂಗೆ ಕಟ್ಟಿಬಿಟ್ನಂತೆ. ಆಗ ಉಳೀತು. ಎಸಳು ಉದುರಿತು, ನೆಲ್ಲಿಯಷ್ಟು ಕಾಯಿ ಕಟ್ತು, ಹಣ್ಣಾಯ್ತು. ಬೀಜ ಹಾಕಿದ್ರೆ ಮೂರೇ ಮೂರು ಸಸಿ ಎದ್ದವಂತೆ.

ಮೊದಲನೇ ಸಸಿ ಅಂಗೈಯಗಲ ಹೂ ಬಿಡ್ತು, ವಾಸನೆ ಸೊನ್ನೆ. ಎರಡನೇದು ಘಮ ಅಂತಿತ್ತು, ಮುಟ್ಟಿದ್ರೆ ಸಾಕು ಎಸಳೆಲ್ಲಾ ಮಡಿಲಿಗೇ ಉದುರೋದು. ಮೂರನೇದು ಕುಳ್ಳ ಗಿಡ, ಇದೇನು ಬಿಡುತ್ತೆ ಅಂತ ಬಗ್ಗಿ ನೋಡಿದ್ರೆ ಕುಂಕುಮದ ಬಣ್ಣದ ಹೂವು, ಮೂಸಿದ್ರೆ ಪನ್ನೀರಿನ ಘಮ, ಜೊತೆಗೆ ಬಾಳೆನಾರಿನ ಹಸಿ ವಾಸನೆ ಒಂಚೂರು. ಹೂ ಕಟ್ಟಿ ಮೇಲೆದ್ದಾಗ ಚೆನ್ನಾಜಿ ಸೆರಗಿಂದ ಬರ್ತಿದ್ದ ವಾಸನೆ ಅದು! ಮೂಡ್ಲಯ್ಯ ಪಾತಿಯಲ್ಲೇ ಕೂತು ಅತ್ನಂತೆ. ಬೇಜಾರಿಗಲ್ಲ ಮಗಾ, ಸಂತೋಷಕ್ಕೇ ಅತ್ತಿದ್ದು.

ಆಮೇಲೆ ಬೀದಿ ಹೆಂಗಸರಿಗೆಲ್ಲಾ ಸುದ್ದಿ ಹೋಯ್ತು. ಒಂದೇ ಒಂದು ಕಡ್ಡಿ ಕೊಡಣ್ಣಾ ಅಂತ ಒಬ್ಬಳಾದ ಮೇಲೆ ಒಬ್ಬಳು ಬಂದ್ರಂತೆ. ಮೂಡ್ಲಯ್ಯ ಗಿಡದ ಸುತ್ತ ಮುಳ್ಳುಬೇಲಿ ಹಾಕಿ, ಅದು ಗಿಡ ಅಲ್ಲ ಕಣ್ರವ್ವಾ, ನಮ್ಮನೆಯವಳು, ಹೆಂಡ್ತಿನ ಯಾರಾದ್ರೂ ತುಂಡು ಮಾಡಿ ಹಂಚ್ತಾರಾ ಅಂತ ಗದರಿ ಕಳಿಸ್ತಿದ್ನಂತೆ. ಅವರಿಗೆ ಕೊಡೋದಿರ್ಲಿ, ತಾನೂ ಕತ್ತಿ ಮುಟ್ಟಿಸಲಿಲ್ಲ. ಮಿಕ್ಕ ಗುಲಾಬಿಯೆಲ್ಲಾ ವರ್ಷಕ್ಕೊಂದ್ಸಲ ಮೊಣಕಾಲೆತ್ತರಕ್ಕೆ ಸವರೋನು, ಇದೊಂದನ್ನ ಮಾತ್ರ ಬಿಟ್ಟುಬಿಡೋನು.

ಆಗೇನಾಯ್ತು? ಮೊದಲ ವರ್ಷ ಗಿಡದ ತುಂಬ ಹೂವು. ಮಾರನೇ ವರ್ಷ ಅಲ್ಲೊಂದು ಇಲ್ಲೊಂದು. ಮೂರನೇ ವರ್ಷ ಬರೀ ಉದ್ದುದ್ದ ಕಡ್ಡಿ, ತುದಿಯಿಂದ ಒಣಗ್ತಾ ಬಂತು, ಹುಡುಕಿದ್ರೂ ಒಂದು ಮೊಗ್ಗಿಲ್ಲವಂತೆ. ಹಟ್ಟಿಗೊಬ್ಬರ ಹಾಕಿದ, ಅಕ್ಕಿ ತೊಳೆದ ನೀರು ಹುಯ್ದ, ದೇವರಿಗೆ ಹರಕೆನೂ ಹೊತ್ತ, ಏನೂ ಆಗಲಿಲ್ಲ. ಚೆನ್ನಾಜಿ ಎರಡನೇ ಸಲ ಕೈಬಿಟ್ಟು ಹೋಗ್ತಿದಾಳಲ್ಲಪ್ಪಾ ಅಂತ ಅವನಿಗೆ ಅನ್ನ ಸೇರಲಿಲ್ಲ.

ಕದುರಮ್ಮಂದು ಬಾಯಿ ಜೋರು, ಮನಸ್ಸು ಒಳ್ಳೇದು. ಮಾವ, ಊರವರ ಗಿಡ ಹಿಂಗಾದ್ರೆ ಏನಂತೀರಿ ಅಂತ ಕೇಳಿದ್ಳಂತೆ. ಸವರ್ರೋ, ಚಿಗುರುತ್ತೆ ಅಂತೀನಿ ಅಂದ. ಮತ್ತೆ ಇದಕ್ಕೆ ಅಂದ್ಳಂತೆ ಕದುರಮ್ಮ.

ಮಾರನೇ ದಿನ ಮೂಡ್ಲಯ್ಯ ಕತ್ತಿ ಹಿಡ್ಕೊಂಡು ಹೋದ. ಎತ್ತಿದ, ಇಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಮೂರನೇ ಸಲ ಗಿಡಕ್ಕೆ, ನೋವಾದ್ರೆ ಹೇಳೇ ಅಂತ ಹೇಳಿ, ಹಲ್ಲು ಕಚ್ಚಿ ಸವರೇಬಿಟ್ನಂತೆ. ಮೋಟು ಉಳೀತು, ಪಕ್ಕದಲ್ಲಿ ಕಡ್ಡಿ ರಾಶಿ. ಬೇರೆ ಕಡ್ಡಿಯಾಗಿದ್ರೆ ಒಲೆಗೆ ಹೋಗ್ತಿತ್ತು. ಇದನ್ನ ಒಲೆಗೆ ಹೆಂಗೆ ಹಾಕ್ತಾನೆ? ಒಣಗಿದ್ದನ್ನ ಬುಡಕ್ಕೇ ಮುಚ್ಚಿದ. ಹಸಿ ಕಡ್ಡಿಯೆಲ್ಲಾ ಗೇಣುದ್ದ ಕತ್ತರಿಸಿ, ತುದಿಗೆ ಸಗಣಿ ಉಂಡೆ ಮೆತ್ತಿ, ಹೂ ಮಾರೋ ಬುಟ್ಟಿಯಲ್ಲೇ ಜೋಡಿಸಿ ತಲೆ ಮೇಲಿಟ್ಟುಕೊಂಡು ಹೊರಟ್ನಂತೆ.

ಹೂ ಎಲ್ಲಿ ಮೂಡ್ಲಣ್ಣಾ ಅಂದ್ರು ಹೆಂಗಸರು. ಇವತ್ತು ಹೂವಿಲ್ಲ ಕಣ್ರವ್ವಾ, ನಮ್ಮ ಚೆನ್ನಾಜಿ ಇದಾಳೆ, ಅವಳಿಗೊಂದು ಗೇಣು ಜಾಗ ಕೊಡಿ ಅಂದ್ನಂತೆ. ಹಿಂದೆ ಬೈಸಿಕೊಂಡು ಹೋದವರೇ ಸೆರಗೊಡ್ಡಿ ಇಸ್ಕೊಂಡ್ರು. ಒಬ್ಬಳು ಬಾವಿಕಟ್ಟೆ ಹತ್ರ ನೆಟ್ಟಳು, ಒಬ್ಬಳು ತುಳಸಿ ಪಕ್ಕ, ಇನ್ನೊಬ್ಬಳಿಗೆ ಜಾಗವೇ ಇಲ್ಲ, ತೂತುಬಿದ್ದ ಹಂಡೆಗೆ ಮಣ್ಣು ತುಂಬಿ ನೆಟ್ಟಳಂತೆ. ಬುಟ್ಟಿ ಖಾಲಿಯಾಯ್ತು. ಮನೆಗೆ ಬಂದವನು ಆ ಮೋಟಿಗೆ ಒಂದು ಚೊಂಬು ನೀರು ಹುಯ್ದು, ಅದರ ಪಕ್ಕದಲ್ಲೇ ಕೂತ್ಕೊಂಡ್ನಂತೆ.

ಆಮೇಲೆ ಮಳೆ ಬಂತು, ಮಳೆ ಹೋಯ್ತು, ಮೋಟು ಚಿಗುರಿತು, ಮೊಗ್ಗು ಬಿಡ್ತು. ಚಳಿ ಇಳಿಯೋ ಹೊತ್ತಿಗೆ ಮೂಡ್ಲಯ್ಯ ಒಂದು ಬೆಳಿಗ್ಗೆ ಹೂ ಮಾರೋಕೆ ಬೀದಿಗೆ ಬಂದ್ರೆ ಬೀದಿಯೇ ಘಂ ಅಂತಿದೆ. ಮೊದಲನೇ ಮನೆ ಬಾಗಿಲಲ್ಲಿ ಹೊಸ ಸೊಸೆಯೊಬ್ಬಳು ರಂಗೋಲಿ ಬಿಡ್ತಿದ್ಳು, ಬೇರೆ ಊರಿನ ಹುಡುಗಿ, ಚೆನ್ನಾಜಿ ಮುಖ ಕಂಡವಳೇ ಅಲ್ಲ. ಅವಳು ತಲೆಯೆತ್ತಿ, ಮೂಡ್ಲಣ್ಣಾ, ನಮ್ಮನೆ ಚೆನ್ನಾಜಿ ಇವತ್ತು ಎರಡು ಬಿಟ್ಟವ್ಳೆ, ನಿಮ್ಮನೇಲಿ ಹೆಂಗವ್ಳೆ ಅಂದ್ಳಂತೆ.

ಮೂಡ್ಲಯ್ಯ ಬುಟ್ಟಿ ಕೆಳಗಿಳಿಸಿದ. ಚೆನ್ನಾಜಿ ತೀರಿಕೊಂಡ ಮೇಲೆ ನಿಮ್ಮನೆಯವಳು ಹೆಂಗಿದಾಳೆ ಅಂತ ಅವನನ್ನ ಯಾರೂ ಕೇಳಿರಲಿಲ್ಲ, ಯಾಕೆ ಕೇಳ್ತಾರೆ? ಚೆನ್ನಾಗವ್ಳೆ ಕಣವ್ವ, ಐದು ಬಿಟ್ಟವ್ಳೆ ಅಂದ್ನಂತೆ. ಪಕ್ಕದ ಮನೆಯವಳೂ ಕೇಳಿದ್ಳು, ಅದರಾಚೆಯವಳೂ ಕೇಳಿದ್ಳು. ಅಂದಿನಿಂದ ದಿನಾ ಬೆಳಿಗ್ಗೆ ಬೀದಿ ತುಂಬ ಕೇಳೋರೇ, ಅವನು ಮನೆ ಮನೆಗೂ ನಿಂತು ಹೇಳೋನೇ.

ಇಷ್ಟೇ ಕಣೋ ಕತೆ, ಮುಗೀತು. ಇನ್ನು ಅತ್ಲಾಗೆ ತಿರುಗಿ ಮಲಗು, ನನ್ನ ಕೈಗೆ ಜೋಮು ಹಿಡೀತು.