ಎತ್ತರ ಬೆಳೆದ ಹಲ್ಲು

ತಿಪ್ಪೇರುದ್ರಪ್ಪನವರ ಕೆಳಸಾಲಿನ ಮುಂದಿನ ಹಲ್ಲಿಗೆ ಐವತ್ತು ದಾಟಿದ ಮೇಲೆ ಎತ್ತರ ಬೆಳೆಯುವ ಯೋಗ ಬಂತು. ಕನ್ನಡಿ ನೋಡಿದಾಗೆಲ್ಲ ತಾನು ಇನ್ನಷ್ಟು ಉದ್ದವಾಗಿ ಕಂಡು ಅದು ಬೀಗುತ್ತಿತ್ತು.

ಅಡಿಯಲ್ಲಿದ್ದ ದವಡೆ ಮೂಳೆ ಹೇಳಿತು: "ಅಯ್ಯಾ, ನೀನು ಏರುತ್ತಿಲ್ಲ. ವಸಡಿನ ರೋಗಕ್ಕೆ ನಾನೇ ಕರಗಿ ಇಳಿಯುತ್ತಿದ್ದೇನೆ."

"ಸುಳ್ಳು! ನಾನೊಬ್ಬನೇ ಅಲ್ಲ, ಇಡೀ ಸಾಲೇ ಸಮನಾಗಿ ಎದ್ದಿದೆ. ರೋಗ ಎಲ್ಲಾದರೂ ಇಷ್ಟು ಶಿಸ್ತಾಗಿ ಬರುತ್ತದೆಯೇ?"

"ಹಾಗಾದರೆ ವಸಡಿನಲ್ಲಿ ಒಸರುವ ರಕ್ತ?"

"ನನ್ನ ಏಳಿಗೆಗೆ ದೃಷ್ಟಿ ತಗುಲದಿರಲೆಂದು ವಸಡು ಎತ್ತುವ ಕೆಂಪಾರತಿ ಅದು. ಕೆಳಗಿರುವವರಿಗೆ ಮೇಲಿನವರನ್ನು ಕಂಡರೆ ಹೊಟ್ಟೆಕಿಚ್ಚು!"

ಮೂಳೆ ಮಾತು ನಿಲ್ಲಿಸಿತು, ಇಳಿಯುವುದನ್ನು ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ ತಿಪ್ಪೇರುದ್ರಪ್ಪನವರು ಶೇಂಗಾ ಚಿಕ್ಕಿಯನ್ನು ಕಚ್ಚಿ ಎಳೆದರು. ಚಿಕ್ಕಿಯ ಜೊತೆ ಹಲ್ಲೂ ಬೇರುಸಮೇತ ಕೈಗೆ ಬಂತು.

"ನೋಡೇ, ಒಂದು ಹುಳುಕೂ ಇಲ್ಲ ಇದರಲ್ಲಿ!" ಎಂದು ಅವರು ಹೆಂಡತಿಗೆ ತೋರಿಸಿದರು.

ಚಿಕ್ಕಿಯಲ್ಲಿ ತಲೆಕೆಳಗಾಗಿ ನಿಂತಿದ್ದ ಹಲ್ಲು, ಬೇರಿನ ತುದಿಯವರೆಗೂ ಕಾಣುತ್ತಿದ್ದ ತನ್ನ ಮೈಯನ್ನು ನೋಡಿಕೊಂಡು, ಬಾಯಿಯ ಕಡೆಗೆ ಕೂಗಿತು: "ಇಷ್ಟುದ್ದ ಬೆಳೆದವರು ನಿಮ್ಮಲ್ಲಿ ಯಾರಿದ್ದೀರ್ರೋ?"

ಸಾಲಿನಲ್ಲಿ ಉಳಿದ ಹಲ್ಲುಗಳೆಲ್ಲ ಹೊಟ್ಟೆಕಿಚ್ಚಿನಿಂದ ಅಲ್ಲಾಡಿದವು.