ಬರಿಗಾಣ ಎಳೆಯದ ಕೆಂದ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ನಡುನಡುವೆ ಹೂಂಗುಟ್ಟಬೇಕು ಮತ್ತೆ. ಎಳ್ಳು ಬೆಳೆಯುವ ಸೀಮೆಯಲ್ಲಿ ಒಂದು ರಾಜ್ಯವಿತ್ತು. ಅದಕ್ಕೆ ಹೊನ್ನಾಜಿ ಎಂಬ ರಾಣಿ. ಪಟ್ಟಕ್ಕೆ ಬಂದದ್ದು ಮೊನ್ನೆ ಮೊನ್ನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಒಳ್ಳೆಯ ಬುದ್ಧಿ ಅವಳಿಗಿತ್ತು. ರಾಜರಲ್ಲಿ ಅದು ಅಪರೂಪ. ನಮ್ಮಲ್ಲೂ ಅಪರೂಪವೇ ಬಿಡಿ.

ಅರಮನೆಯ ಹಿತ್ತಲಲ್ಲಿ ಒಂದು ಎಣ್ಣೆಗಾಣ. ಗಾಣಕ್ಕೆ ಕೆಂದನೆಂಬ ಎತ್ತು. ಹೊನ್ನಾಜಿ ಹುಟ್ಟುವ ಮೊದಲಿನಿಂದ ಅವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸುತ್ತುತ್ತಿದ್ದ. ಒಂದು ಬೆಳಿಗ್ಗೆ ಕೆಂದ ನಿಂತುಬಿಟ್ಟ. ಆಮೇಲೆ ಮಲಗಿಯೇಬಿಟ್ಟ.

ಗಾಣದ ಉಸ್ತುವಾರಿ ಪಾರುಪತ್ಯಗಾರ ತಿಪ್ಪರಸನದು. ಅವನು ಓಡಿಬಂದ. "ಸೋಮಾರಿ ಆಗಿದಾನೆ ತಾಯೀ. ಕಾಡಿಗೆ ಅಟ್ಟಿಬಿಡೋಣ, ಹುಲಿಗಾದ್ರೂ ಊಟ ಆಗಲಿ."

ರಾಣಿ ಕೈ ಅಡ್ಡ ಹಿಡಿದಳು. "ಸ್ವಲ್ಪ ತಾಳಿ. ದುಡಿಯೋರು ಯಾಕೆ ದುಡೀತಾರೆ, ಯಾಕೆ ನಿಲ್ಲಿಸ್ತಾರೆ? ಈ ವಿದ್ಯೆ ನನಗೆ ಗೊತ್ತಿಲ್ಲ. ಎಲ್ಲಿಂದ ಕಲಿಯೋಕೆ ಶುರು ಮಾಡ್ಲಿ?"

"ನನ್ನಿಂದಲೇ!" ಎಂದು ತಿಪ್ಪರಸ ಮೀಸೆ ತಿರುವಿದ. "ಮೂರೇ ಸೂತ್ರ. ಹೆದರಿಕೆ, ಹೊಟ್ಟೆ, ಹೊಗಳಿಕೆ. ಇವಕ್ಕೆ ಜಗ್ಗದ ಜೀವವೇ ಇಲ್ಲ. ನಾನೂ ಜಗ್ಗುತ್ತೀನಿ ಅಂದ್ಕೊಳ್ಳಿ!"

ಮೊದಲ ದಿನ ಚಾಟಿ ಬೀಸಿದ. ಕೆಂದ ಏಳಲಿಲ್ಲ. ಎರಡನೆಯ ದಿನ ಬುಟ್ಟಿ ತುಂಬ ಹಿಂಡಿ ಇಟ್ಟ. ಕೆಂದ ತಿಂದ, ಏಳಲಿಲ್ಲ. ಮೂರನೆಯ ದಿನ ಕೊಂಬಿನ ತುದಿಗೆ ಹಿತ್ತಾಳೆಯ ಕೋಡಣಸು ತೊಡಿಸಿ, ಕೊರಳಿಗೆ ಹೂಮಾಲೆ ಹಾಕಿ, ಬಾಯಿ ನೋಯುವಷ್ಟು ಹೊಗಳಿದ. ಕೆಂದ ಮಾಲೆಯನ್ನೂ ತಿಂದ.

"ಪಾಠ ಮುಗೀತು ತಾಯೀ. ನಾಳೆ ಕಾಡಿಗೆ," ಎಂದು ತಿಪ್ಪರಸ ಮನೆಗೆ ಹೋದ.

ಹೊನ್ನಾಜಿ ಕೆಂದನ ಪಕ್ಕ ನೆಲದಲ್ಲೇ ಕೂತಳು. ಪಟ್ಟಿ ಬಿಚ್ಚಿ, ಕೊರಳಡಿ ಜೋಲುವ ಗಂಗೆದೊಗಲು ಸವರಿ, "ಯಾಕಪ್ಪಾ, ಏನಾಯ್ತು?" ಎಂದಳು.

"ಅಬ್ಬ, ಈಗಲಾದ್ರೂ ಕೇಳಿದ್ರಲ್ಲ!" ಎಂದ ಕೆಂದ. "ಕಣ್ಣು ಕಟ್ಟಿದ್ರು ತಾಯೀ, ಕಿವಿ ಕಟ್ಟಿರಲಿಲ್ಲ. ಎಳ್ಳಿದ್ರೆ ಗಾಣ ಗುಂಯ್ ಅನ್ನುತ್ತೆ. ಈಗ ಬರೀ ಕಿರ್ ಕಿರ್. ಒಳಗೆ ಏನೂ ಇಲ್ಲ. ಯಾರಿಗೋಸ್ಕರ ಸುತ್ತಲಿ?"

ಗಾಣದ ಬಾಯಿಗೆ ತಿಪ್ಪರಸ ಬಟ್ಟೆ ಸುತ್ತಿದ್ದ, ಎಳ್ಳಿಗೆ ದೃಷ್ಟಿ ತಾಗುತ್ತದಂತೆ! ಬಟ್ಟೆ ತೆಗೆದು ತೋರಿಸಿದರೆ ಇಲಿ ತಿಂದಿತು ಎನ್ನುತ್ತಾನೆ, ರಾಣಿಗೆ ಅದು ಗೊತ್ತು. ಸುಮ್ಮನೆ ಎದ್ದು ಹೋದಳು.

ಬೆಳಗಾಯಿತು. "ಒಂದು ಪಾಠ ಬಾಕಿ ಇದೆ. ನೀವೂ ಜಗ್ಗುತ್ತೀನಿ ಅಂದ್ರಲ್ಲ, ಜಗ್ಗಿ ತೋರಿಸಿ," ಎಂದಳು ತಿಪ್ಪರಸನಿಗೆ. ಹಿಂದೆ ಚಾಟಿ ಹಿಡಿದ ಭಟ, ಮುಂದೆ ತಟ್ಟೆ ತುಂಬ ಹೋಳಿಗೆ, ತಲೆಗೆ ಜರಿಪೇಟ. ಹೆಗಲಿಗೆ ಗಾಣದ ನೊಗ, ಕಣ್ಣಿಗೆ ಪಟ್ಟಿ. ತಿಪ್ಪರಸ ಸುತ್ತಿದ, ಸುತ್ತಿದ, ಸುತ್ತಿದ. ಕಿರ್, ಕಿರ್, ಕಿರ್.

"ಸಾಕು ತಾಯೀ!" ಎಂದು ಕೂತುಬಿಟ್ಟ. "ಬರಿಗಾಣ ಎಳೆದು ಯಾರಿಗೆ ಏನು ಬಂತು?"

"ಬರಿಗಾಣವೇ? ನಿಮ್ಮ ಕಣ್ಣು ಕಟ್ಟಿದೆ. ಹೇಗೆ ಗೊತ್ತಾಯ್ತು?"

"ಸದ್ದು ಕೇಳಿದ್ರೆ ಗೊತ್ತಾಗಲ್ವೇ?"

"ಕೆಂದನಿಗೂ ಗೊತ್ತಾಯ್ತು," ಎಂದಳು ರಾಣಿ. "ಎಳ್ಳೆಲ್ಲಿ?"

ತಿಪ್ಪರಸ ಜರಿಪೇಟ ಕಳಚಿಟ್ಟು ತಪ್ಪೊಪ್ಪಿಕೊಂಡ. ಎಳ್ಳು ಅವನ ಮನೆಯ ಅಟ್ಟದಲ್ಲಿತ್ತು. ಸದ್ದು ಅರಮನೆಗೆ ಕೇಳಲಿ ಎಂದು ಬರಿಗಾಣ ಸುತ್ತಿಸುತ್ತಿದ್ದ. ಪಾರುಪತ್ಯ ಹೋಯಿತು. ಕದ್ದ ಎಳ್ಳನ್ನೆಲ್ಲ ತಾನೇ ಹೊತ್ತು ತಂದು ಹಾಕಬೇಕಾಯಿತು, ಅದೂ ಹಾಡಹಗಲಲ್ಲಿ, ಊರೆಲ್ಲ ನೋಡುವಾಗ.

ಹೊನ್ನಾಜಿ ಕೆಂದನ ಮುಂದೆ ತಲೆ ಬಗ್ಗಿಸಿದಳು. "ಮೂಸಿ ನೋಡಪ್ಪಾ. ಹುಟ್ಟಿದ ದಿನದಿಂದ ಈ ನೆತ್ತಿಗೆ ಇಳಿದದ್ದು ನಿನ್ನ ಗಾಣದ ಎಣ್ಣೆ. ನಮ್ಮಮ್ಮನ ಬಾಣಂತಿ ಕೋಣೆಯ ದೀಪದಲ್ಲಿ ಉರಿದದ್ದೂ ಅದೇ. ಒಂದು ದಿನವೂ ನಿನಗೆ ಹೇಳಲಿಲ್ಲ. ನಿನ್ನ ಋಣ ದೊಡ್ಡದು."

ಕೆಂದ ಮೂಸಿದ. ಅವನ ಕಣ್ಣು ತುಂಬಿತು. "ಈ ವಾಸನೆ ಗೊತ್ತಿತ್ತು ತಾಯೀ. ಈ ತಲೆ ಗೊತ್ತಿರಲಿಲ್ಲ."

ಹೀಗೆಂದವನೇ ಎದ್ದು ನಿಂತ. "ಪಟ್ಟಿ ಕಟ್ಟಿಬಿಡಿ, ಇಲ್ಲದಿದ್ರೆ ತಲೆ ತಿರುಗುತ್ತೆ. ಯಾರಿಗೆ ಅಂತ ಗೊತ್ತಾಯ್ತಲ್ಲ, ಸಾಕು." ರಾಣಿ ತನ್ನ ಕೈಯಾರೆ ಎಳ್ಳು ಸುರಿದಳು. ಗಾಣ ಗುಂಯ್ ಎಂದಿತು.

ಹೊಟ್ಟೆಗೂ ಬೇಕು ಮಕ್ಕಳೇ, ಹೊಗಳಿಕೆಯೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ದುಡಿಯುವವರ ಮನಸ್ಸು ತಿಳಿಯಬೇಕಾದರೆ ಮೊದಲು ದುಡಿಯುವವರನ್ನೇ ಕೇಳಬೇಕು. ಅವರ ದುಡಿಮೆ ನಮಗೆ ಮುಟ್ಟಿದೆ ಎಂದು ಅವರಿಗೆ ಹೇಳಬೇಕು. ಇವತ್ತು ನಿಮ್ಮ ತಲೆಗೆ ಎಣ್ಣೆ ಹಚ್ಚಿದವರು ಯಾರು? ಹೋಗಿ, ಹೇಳಿ ಬನ್ನಿ.